ಎತ್ತಿ ನೋಡುವ ರಾಜ್ಯದಲ್ಲಿ ಹುಲ್ಲು ಹುಟ್ಟಿದ ಕತೆ

ಗಾಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ತೆರೆಗಾವಲು ಎಂಬೊಂದು ರಾಜ್ಯವಿತ್ತು. ಅಲ್ಲಿ ದೊಡ್ಡ ಕಾಡಿರಲಿಲ್ಲ, ಹೇಳಿಕೊಳ್ಳುವಂಥ ಬೆಟ್ಟವೂ ಇರಲಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು. ಎದೆಯುದ್ದದ ಕರಡದ ಹುಲ್ಲು, ಅದರ ಬುಡದಲ್ಲಿ ಗರಿಕೆ, ಗರಿಕೆಯ ನಡುವೆ ನೀಲಿ ವಿಷ್ಣುಕ್ರಾಂತಿ, ಬಿಳಿ ತುಂಬೆ, ನಸುಗೆಂಪಿನ ಅಣ್ಣೆ ಹೂ. ಗಾಳಿ ಬೀಸಿದರೆ ಇಡೀ ರಾಜ್ಯವೇ ಒಂದು ಕಡೆಗೆ ಬಾಗಿ ಮತ್ತೆ ಎದ್ದು ನಿಲ್ಲುತ್ತಿತ್ತು. ದನ ಮೇಯುತ್ತಿದ್ದವು, ಜಿಂಕೆ ಮೇಯುತ್ತಿದ್ದವು, ಜನ ಹಾಲು ತುಪ್ಪ ಉಂಡು ಸುಖವಾಗಿದ್ದರು.

ಸುಖವಾಗಿದ್ದರು ಸರಿ, ಆದರೆ ಆ ಜನಕ್ಕೆ ಒಂದು ಚಟವಿತ್ತು. ಅದನ್ನು ಅವರು ಪದ್ಧತಿ ಎನ್ನುತ್ತಿದ್ದರು. ಹೊಸದಾಗಿ ಏನೇ ಹುಟ್ಟಲಿ, ಮನೆಮನೆಯವರೂ ಹೋಗಿ ಅದನ್ನು ಎರಡು ಕೈಯಲ್ಲಿ ಎತ್ತಿ, "ಬೇರು ಬಿಡು, ಬಾಳು, ಬಳಗ ಕೂಡು" ಎಂದು ಹರಸಿ ಕೆಳಗಿಡಬೇಕು. ಮಗು ಹುಟ್ಟಿದರೆ ಮಗು, ಕರು ಹುಟ್ಟಿದರೆ ಕರು. ಕೋಳಿಮರಿಯನ್ನೂ ಬಿಡುತ್ತಿರಲಿಲ್ಲ. ಬಡಗಿ ಹೊಸ ಮಣೆ ಮಾಡಿದರೆ ಅದನ್ನೂ ಸಾಲುಗಟ್ಟಿ ಎತ್ತಿ ಬರುತ್ತಿದ್ದರು. ಎತ್ತಿದ ಕೈ ಹರಸದೆ ಬಿಡುವಂತಿರಲಿಲ್ಲ. ಬಿಡುವಂತಿರಲಿಲ್ಲ ಎಂದರೆ, ಬಿಡಲು ಬರುತ್ತಲೇ ಇರಲಿಲ್ಲ. ಬೆರಳುಗಳು ಅಂಟಿಕೊಂಡುಬಿಡುತ್ತಿದ್ದವು. ಒಬ್ಬ ಜಿಪುಣ ಹರಸುವುದಕ್ಕೂ ಜಿಪುಣತನ ಮಾಡಿ, ಒಂದು ಎಮ್ಮೆಗರುವನ್ನು ಸಂಜೆಯವರೆಗೆ ಹೊತ್ತು ತಿರುಗಿದ್ದನಂತೆ.

ಇನ್ನೊಂದು ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಆ ರಾಜ್ಯದಲ್ಲಿ ಹರಸಿದ ಬಾಯಲ್ಲಿ ಶಾಪ ನಿಲ್ಲುತ್ತಿರಲಿಲ್ಲ. ಅದಕ್ಕೇ ಅಲ್ಲಿನ ಮಾಟಗಾರರು ಪಕ್ಕದಲ್ಲಿದ್ದವರು ಸೀನಿದರೂ ಎಲ್ಲಿ ಹರಸಿಬಿಡುತ್ತೇವೋ ಎಂದು ಬಾಯಿ ಬಿಗಿಹಿಡಿದು ಕೂರುತ್ತಿದ್ದರು.

ರಾಜನ ಹೆಸರು ಮುದ್ದರಸ. ಒಳ್ಳೆಯವನು. ಆದರೆ ಒಳ್ಳೆಯವರ ಕೈಯಲ್ಲಿ ಸಿಕ್ಕಿ ಪಡುವ ಪಾಡು ಎಂಥದೆಂದು ಅವನ ಮಗಳು ಚೆಲುವಾಜಿಯನ್ನು ಕೇಳಬೇಕು. ಜನ ಅವಳನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದರು. ಅವಳು ಚಿಕ್ಕವಳಿದ್ದಾಗ ಅವಳಿಗೆ ಬೊಮ್ಮರಸ ಎಂಬ ತಮ್ಮ ಹುಟ್ಟಿದ. ರಾಜ್ಯಕ್ಕೆ ರಾಜ್ಯವೇ ಎತ್ತಲು ಬಂತು. ಆ ಸಾಲಿನ ಕೊನೆಯಲ್ಲಿ ಸುಡುಗಣ್ಣ ಎಂಬ ಯುವಕ ನಿಂತಿದ್ದ. ಚಿಕ್ಕಪುಟ್ಟ ಮಾಟ ಕಲಿಯುತ್ತಿದ್ದ, ಹಿಂದೆಮುಂದೆ ಯಾರೂ ಇಲ್ಲದವನು. ಅವನು ಹುಟ್ಟಿದಾಗ ಎತ್ತಲು ಯಾರೂ ಬಂದಿರಲಿಲ್ಲವಂತೆ. ಅವನ ಸರದಿ ಬರುವ ಹೊತ್ತಿಗೆ ಮುದ್ದರಸ, "ಊಟದ ಹೊತ್ತಾಯ್ತಪ್ಪ, ನಾಳೆ ಬಾ" ಎಂದ. ಮರುದಿನ ಬಂದ. "ಮಗು ಮಲಗಿದೆ, ನಾಳೆ ಬಾ" ಎಂದ. ಅದರ ಮರುದಿನವೂ ಬಂದ. "ಎಲ್ಲರೂ ಎತ್ತಿ ಆಯ್ತಲ್ಲ, ಇನ್ನೇನು?" ಎಂದು ರಾಜ ಬಾಗಿಲು ಹಾಕಿಕೊಂಡ. ಬಾಗಿಲ ಹೊಸ್ತಿಲಲ್ಲಿ ಕೂತಿದ್ದ ಪುಟ್ಟ ಚೆಲುವಾಜಿ ಅವನ ಕೈಗಳನ್ನು ನೋಡಿದಳು. ಬೆರಳುಗಳು ಸುಮ್ಮನೆ ಅರಳುತ್ತಿದ್ದವು, ಮುದುಡುತ್ತಿದ್ದವು.

ಬೊಮ್ಮರಸನಿಗೆ ಮೀಸೆ ಚಿಗುರುವ ವಯಸ್ಸಾದಾಗ ಸುಡುಗಣ್ಣ ಮರಳಿ ಬಂದ. ಈಗ ಅವನು ದೊಡ್ಡ ಮಾಟಗಾರನಾಗಿದ್ದ. ಸುಂಟರಗಾಳಿಯ ಮೇಲೆ ಕೂತು ಬಂದವನೇ ಇಡೀ ಹುಲ್ಲುಗಾವಲನ್ನು ಚಾಪೆಯ ಹಾಗೆ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ತೆರೆಗಾವಲು ಬೋಳಾಯಿತು. ಆಮೇಲೆ ಬೊಮ್ಮರಸನ ಕಡೆ ಒಂದು ಊದು ಊದಿದ. ಯುವರಾಜ ನಿಂತಲ್ಲೇ ಎರ್ಲಡ್ಡು ಹಕ್ಕಿಯಾದ. ಎರ್ಲಡ್ಡು ಎಂದರೆ ಸೊಂಟದೆತ್ತರದ, ಉದ್ದ ಕತ್ತಿನ, ಹುಲ್ಲಿನ ಮರೆಯಲ್ಲೇ ಬಾಳುವ ಹಕ್ಕಿ. ಹುಲ್ಲೇ ಇಲ್ಲದ ಬಯಲಲ್ಲಿ ಅದು ನಾಲ್ಕೂ ದಿಕ್ಕಿಗೆ ಕಾಣುವಂತೆ ನಿಂತುಕೊಂಡಿತು.

"ಒಂದೊಂದು ಮಳೆಗಾಲ ಕಳೆದ ಹಾಗೂ ಇವನು ಮನುಷ್ಯರ ಮಾತು ಮರೆಯುತ್ತಾ ಹೋಗುತ್ತಾನೆ" ಎಂದ ಸುಡುಗಣ್ಣ. "ಕೊನೆಯ ಮಾತೂ ಮರೆತ ಮೇಲೆ ಹಕ್ಕಿಯೇ ಗತಿ. ಅಷ್ಟರೊಳಗೆ ಇವನು ನಿಂತರೂ ಕಾಣದಷ್ಟು ಹುಲ್ಲು ಈ ಬಯಲಲ್ಲಿ ಬೆಳೆದರೆ ನಾನೇ ಬರುತ್ತೇನೆ. ಆಗ ನೋಡೋಣ."

ಮಾಟಗಾರ ಮಾತು ಕೊಟ್ಟ ಎಂದು ಆಸ್ಥಾನವೆಲ್ಲ ಸಮಾಧಾನಪಟ್ಟಿತು. ಕೊನೆಯ "ನೋಡೋಣ" ಕೇಳಿಸಿದ್ದು ಚೆಲುವಾಜಿಯೊಬ್ಬಳಿಗೇ. ಅವಳು ಹಣೆ ಚಚ್ಚಿಕೊಂಡಳು.

ಹುಲ್ಲು ಬೆಳೆಸಲು ಬೀಜ ಬೇಕು. ಬೀಜ ಎಲ್ಲಿದೆ? ಚೆಲುವಾಜಿ ಬಯಲೆಲ್ಲ ಸುತ್ತಿ, ಕೊನೆಗೆ ಹಳೆಯ ಅರಸರನ್ನು ಹೂಳಿದ ಜಾಗಕ್ಕೆ ಬಂದಳು. ಸತ್ತವರ ತಲೆದೆಸೆಯಿಂದ ಚಾಪೆ ಎಳೆಯಲು ಮಾಟಗಾರನಿಗೂ ಧೈರ್ಯ ಬಂದಿರಲಿಲ್ಲ. ಅಲ್ಲಿ ಒಂದು ಕಣದಗಲ ಹುಲ್ಲು ಉಳಿದಿತ್ತು. ಅದರ ನಡುವೆ ಇರುವೆಗಳ ಅರಮನೆಯಿತ್ತು. ಬಾಗಿಲಲ್ಲಿ ಹುಲ್ಲುಬೀಜದ ಹೊಟ್ಟು ರಾಶಿ ಬಿದ್ದಿತ್ತು. ಹೆಬ್ಬೆರಳ ಗಾತ್ರದ ಇರುವೆರಾಣಿ ಹೊರಗೆ ಬಂದಳು.

"ಮೂರು ಚೀಲ ಬೀಜ ಕೊಡ್ತೀನಿ" ಎಂದಳು ಇರುವೆರಾಣಿ. "ನನ್ನ ಕಣಜದಲ್ಲಿ ಇರೋದೇ ಅಷ್ಟು. ಅದಕ್ಕೆ ನೀನು ಒಂದು ಉಪಕಾರ ಮಾಡ್ಬೇಕು. ನಿಮ್ಮ ಜನ ಬಂದು ನಮ್ಮ ಮೊಟ್ಟೆ ಎತ್ತಿ ನೋಡ್ತಾರಲ್ಲ, ಅದನ್ನ ನಿಲ್ಲಿಸು ತಾಯಿ. ಸಾಕಾಗಿಹೋಗಿದೆ."

"ಇರುವೆ ಮೊಟ್ಟೆನೂ ಎತ್ತುತ್ತಾರಾ?"

"ಎತ್ತಿ ಹರಸ್ತಾರೆ. ಹರಸಿ ಬೇರೆ ಗೂಡಿಗೆ ಇಟ್ಟು ಹೋಗ್ತಾರೆ."

ಚೆಲುವಾಜಿ ಮಾತು ಕೊಟ್ಟಳು. "ಬಿತ್ತೋದು ಹೇಗೆ ಅಂತಲೂ ಹೇಳಿಕೊಡಿ" ಎಂದು ಕೇಳಿದಳು.

"ನಮಗೆ ತಿನ್ನೋದು ಗೊತ್ತು, ಬಿತ್ತೋದು ಗೊತ್ತಿಲ್ಲ" ಎಂದು ಇರುವೆರಾಣಿ ಒಳಗೆ ಹೋಗಿಬಿಟ್ಟಳು.

ಮೊದಲ ಮಳೆಗಾಲಕ್ಕೆ ಮೊದಲ ಚೀಲ. ಚೆಲುವಾಜಿ ಬೀಜ ಬಿತ್ತಿಸಿ, ಒಂದು ವಾರ ಇರುವೆಗೂಡಿಗೆ ಬೇಲಿ ಹಾಕಿಸಲು ಹೋದಳು. ಮರಳಿ ಬರುವಷ್ಟರಲ್ಲಿ ಮುದ್ದರಸ ತನ್ನ ಮಗನ ಮೇಲಿನ ಪ್ರೀತಿಯನ್ನೆಲ್ಲ ಆ ಬಯಲಿಗೆ ಸುರಿದಿದ್ದ. ಅರಮನೆಯ ಅಷ್ಟೂ ಕೊಟ್ಟಿಗೆಗಳ ಗೊಬ್ಬರ ಹೇರಿಸಿದ್ದ. ಬೀಜ ತಣ್ಣಗಿರಲಿ ಎಂದು ಮತ್ತೊಮ್ಮೆ ಆಳವಾಗಿ ಉಳುಮೆ ಮಾಡಿಸಿದ್ದ. ಸಾಲದೆಂದು ದಿನವೂ ಕೊಡಗಟ್ಟಲೆ ನೀರು ಹೊಯ್ಯಿಸುತ್ತಿದ್ದ.

ಎರಡು ತಿಂಗಳಲ್ಲಿ ಬಯಲು ಹಸಿರಾಯಿತು. ಆನೆ ಹೊಕ್ಕರೂ ಕಾಣದಷ್ಟು ಹಸಿರು. ಮುದ್ದರಸ ಮಗಳನ್ನು ಕೈಹಿಡಿದು ಕರೆದುಕೊಂಡು ಹೋದ.

"ನೋಡವ್ವಾ, ಹೆಂಗೆ ಬಂದದೆ ಹುಲ್ಲು!"

"ಅಪ್ಪಾಜಿ, ಇದು ಉತ್ತರಾಣಿ."

"ಇದು?"

"ದತ್ತೂರಿ."

"ಇದಾದ್ರೂ ಹುಲ್ಲಲ್ವಾ?"

"ಇದು ಮುಳ್ಳುಕೀರೆ, ಅಪ್ಪಾಜಿ. ನೀವು ಹಾಕಿದ ಗೊಬ್ಬರನೆಲ್ಲ ಕಳೆ ತಿಂದ್ಕೊಂಡಿದೆ. ನಮ್ಮ ಹುಲ್ಲಿಗೆ ಬೇಕಾಗಿದ್ದು ಬಡ ಮಣ್ಣು. ಆಳಕ್ಕೆ ಹೋದ ಬೀಜ ಅಲ್ಲೇ ಕೊಳೆತುಹೋಯ್ತು. ಅಪ್ಪಿತಪ್ಪಿ ಮೇಲೆ ಬಂದಿದ್ದು ಇದರ ನೆರಳಲ್ಲಿ ಸತ್ತುಹೋಯ್ತು."

ಮುದ್ದರಸ ಮುಖ ಸಣ್ಣ ಮಾಡಿಕೊಂಡ. "ನಾನು ಒಳ್ಳೇದಕ್ಕೇ ಅಂತ..." ಎಂದ. ಅವನು ಮಾಡುವುದೆಲ್ಲ ಒಳ್ಳೆಯದಕ್ಕೇ. ಚೆಲುವಾಜಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಎರ್ಲಡ್ಡು ಹಕ್ಕಿ ತನ್ನ ಉದ್ದ ಕಾಲು ಹಾಕುತ್ತಾ ಬಂದು ಅವಳ ಸೆರಗು ಕಚ್ಚಿ ಎಳೆಯಿತು.

"ಅಕ್ಕಾ, ಆಯ್ತಾ?"

ಇದು ಅದರ ದಿನನಿತ್ಯದ ಪ್ರಶ್ನೆ. ಬೆಳಗಾದರೆ "ಆಯ್ತಾ?" ಊಟಕ್ಕೆ ಕೂತರೆ "ಆಯ್ತಾ?" ಈಗಷ್ಟೇ ಬೀಜ ಚೆಲ್ಲಿ ಕೈ ಕೊಡವಿದರೂ ಹಿಂದಿನಿಂದ "ಅಕ್ಕಾ, ಆಯ್ತಾ?"

"ಹುಲ್ಲು ಕಣೋ ಅದು, ದೋಸೆ ಅಲ್ಲ!" ಎಂದು ಚೆಲುವಾಜಿ ಗದರಿದಳು. ಹಕ್ಕಿ ಕತ್ತು ತಗ್ಗಿಸಿತು. ಆ ಮಳೆಗಾಲ ಮುಗಿಯುವಾಗ ಅದಕ್ಕೆ ಕಿರೀಟ ಎಂಬ ಮಾತು ಮರೆತುಹೋಗಿತ್ತು. ಅಪ್ಪನ ತಲೆಯ ಕಡೆ ಕೊಕ್ಕು ತೋರಿಸಿ "ಅದು, ಅದು" ಎನ್ನುತ್ತಿತ್ತು.

ಎರಡನೆಯ ಮಳೆಗಾಲಕ್ಕೆ ಎರಡನೆಯ ಚೀಲ. ಈ ಸಲ ಚೆಲುವಾಜಿ ಅಪ್ಪನನ್ನು ಹತ್ತಿರ ಸೇರಿಸಲಿಲ್ಲ. ಕಳೆ ಕಿತ್ತು ನೆಲವನ್ನು ಬೋಳು ಮಾಡಿಸಿದಳು. ಆ ಬೀಜಗಳಿಗೆ ರೋಮವಿರುತ್ತದೆ, ಬಾಲವಿರುತ್ತದೆ. ಒಂದಕ್ಕೊಂದು ಹೆಣೆದುಕೊಂಡು ಉಂಡೆಗಟ್ಟುತ್ತವೆ. ಅವನ್ನು ಒಣ ಮರಳಿನಲ್ಲಿ ಬೆರೆಸಿ, ಉಜ್ಜಿ ಬಿಡಿಸಿ, ಹಳೆಯ ಅರಸರನ್ನು ಹೂಳಿದ ಜಾಗದ ಹುಲ್ಲು ತಾನಾಗಿ ಬೀಜ ಉದುರಿಸುವುದನ್ನು ನೋಡಿ ಕಲಿತಂತೆ, ಮಣ್ಣಿನ ಮೇಲೇ ತೆಳ್ಳಗೆ ಚೆಲ್ಲಿದಳು. ಮುಚ್ಚಲಿಲ್ಲ. ಅದರ ಮೇಲೆ ದನ ಅಡ್ಡಾಡಿಸಿ ಗೊರಸಿನಲ್ಲಿ ಒತ್ತಿಸಿದಳು. ಮೊದಲ ಹನಿ ಬಿದ್ದ ಕೂಡಲೇ ಬಾಲದ ಬೀಜಗಳು ತಾವಾಗಿಯೇ ಗಿರ್ರನೆ ತಿರುಗಿ ನೆಲ ಕೊರೆದು ಇಳಿದವು. ಇದರಲ್ಲಿ ಯಾರ ಮಾಟವೂ ಇರಲಿಲ್ಲ. ಆ ಬೀಜದ ಗುಣವೇ ಹಾಗೆ.

ಕೆಲವು ದಿನಕ್ಕೆ ನೆಲದ ಮೇಲೆ ಮಗುವಿನ ನೆತ್ತಿಯ ಕೂದಲಿನಂಥ ಹಸಿರು ಬಂತು. ಬಗ್ಗಿ ನೋಡಿದರೆ ಮಾತ್ರ ಕಾಣುವಂಥದು. ಚೆಲುವಾಜಿ ನೆಲಕ್ಕೆ ಗಲ್ಲ ಹಚ್ಚಿ ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗು ಬಂತು. ಅಂದು ಅವಳು ಮಾಡಿದ ತಪ್ಪು ಒಂದೇ. ಆ ಸಂತೋಷವನ್ನು ಅಡುಗೆಮನೆಯಲ್ಲಿ ಹೇಳಿದಳು.

ಮರುದಿನ ಬೆಳಗ್ಗೆ ಎದ್ದು ಬಂದರೆ ಬಯಲ ತುಂಬ ಜನ. ಅರಿಸಿನ ಕುಂಕುಮದ ತಟ್ಟೆ ಹಿಡಿದು, ಹೊಸ ಸೀರೆಯುಟ್ಟು, ಜೋಗುಳ ಹಾಡುತ್ತಾ ಬಂದಿದ್ದರು. ಒಬ್ಬೊಬ್ಬರೂ ಒಂದೊಂದು ಸಸಿಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲನೆ ಕಿತ್ತು, ಮೇಲೆತ್ತಿ, "ಬೇರು ಬಿಡು, ಬಾಳು, ಬಳಗ ಕೂಡು" ಎಂದು ಹರಸಿ, ಮತ್ತೆ ಮಣ್ಣಿಗೆ ಸಿಕ್ಕಿಸುತ್ತಿದ್ದರು. ಬೇರು ಬಿಟ್ಟಿದ್ದನ್ನು ಕಿತ್ತು ಬೇರು ಬಿಡು ಎನ್ನುವ ಜನಕ್ಕೆ ಏನು ಹೇಳುವುದು?

"ಮುಟ್ಟಬೇಡಿ!" ಚೆಲುವಾಜಿ ಬಯಲ ಈ ತುದಿಯಿಂದ ಆ ತುದಿಗೆ ಓಡಿದಳು. "ಯಾರೂ ಮುಟ್ಟಬೇಡಿ! ಕೈ ಹಿಂದೆ ಕಟ್ಕೊಳ್ಳಿ!"

"ಯಾಕಮ್ಮಣ್ಣಿ ಸಿಟ್ಟು? ಹುಟ್ಟಿದ ಕೂಸನ್ನ ಎತ್ತದೆ ಇದ್ರೆ ಅದಕ್ಕೆ ಶ್ರೇಯಸ್ಸಾ?" ಎಂದಳು ಒಬ್ಬ ಮುದುಕಿ.

"ನಾನು ಎತ್ತಿಲ್ಲ, ಬರೀ ಮುಟ್ಟಿ ನೋಡ್ದೆ" ಎಂದ ಇನ್ನೊಬ್ಬ. ಅವನ ಕೈಯಲ್ಲಿ ಬುಡಸಮೇತ ಬಂದ ಸಸಿಯಿತ್ತು.

ಮಧ್ಯಾಹ್ನದ ಬಿಸಿಲಿಗೆ ಎಲ್ಲ ಬಾಡಿತು. ಒಬ್ಬನಾದರೂ ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ಚೆಲುವಾಜಿ ಅವನನ್ನು ಗಡೀಪಾರು ಮಾಡಿಸಿ ಸಮಾಧಾನ ಮಾಡಿಕೊಳ್ಳಬಹುದಿತ್ತು. ಎಲ್ಲರೂ ಪ್ರೀತಿಯಿಂದ ಬಂದವರು, ಮನೆಯಿಂದ ಬೆಲ್ಲ ತಂದವರು. ಮಾಟಗಾರ ಇಷ್ಟು ದಿನ ಈ ಕಡೆ ತಲೆ ಹಾಕದೆ ಇದ್ದುದು ಏಕೆಂದು ಅವಳಿಗೆ ಆಗ ಅರ್ಥವಾಯಿತು. ಇಂಥ ಜನ ಇರುವಾಗ ಅವನು ಬರುವ ಅಗತ್ಯವೇ ಇರಲಿಲ್ಲ.

ಆ ಮಳೆಗಾಲ ಮುಗಿಯುವಾಗ ಹಕ್ಕಿಗೆ ಅಪ್ಪನ ಹೆಸರು ಮರೆತಿತ್ತು. ಮುದ್ದರಸ ಎದುರಿಗೆ ಬಂದರೆ ಯಾರೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಮುದುಕ ರಾಜ ಕಂಬಕ್ಕೆ ಒರಗಿ ಅತ್ತ. ಹಕ್ಕಿಯ ಬಾಯಲ್ಲಿ ಉಳಿದದ್ದು ಎರಡೇ ಮಾತು. "ಅಕ್ಕಾ, ಆಯ್ತಾ?"

ಉಳಿದದ್ದು ಒಂದೇ ಚೀಲ. ಚೆಲುವಾಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಬೇಲಿ ಹಾಕಿದರೆ ಹಾರುತ್ತಾರೆ. ಕಾವಲು ಹಾಕಿದರೆ ಕಾವಲುಗಾರನೇ ಮೊದಲು ಎತ್ತುತ್ತಾನೆ. ಬೈದರೆ ಅಳುತ್ತಾರೆ, ಅತ್ತು ಸಮಾಧಾನಕ್ಕೆ ಒಂದು ಸಸಿ ಎತ್ತುತ್ತಾರೆ. ಇವರ ಪದ್ಧತಿಯನ್ನು ಬಿಡಿಸಲು ಬ್ರಹ್ಮನಿಂದಲೂ ಆಗದು. ಹಾಗಾದರೆ ಪದ್ಧತಿಗೆ ಪದ್ಧತಿಯನ್ನೇ ಅಡ್ಡ ಇಡಬೇಕು.

ಮೂರನೆಯ ಮಳೆಗಾಲಕ್ಕೆ ಕೊನೆಯ ಚೀಲ ಬಿತ್ತಿದ ಮೇಲೆ ಅವಳು ಡಂಗುರ ಹೊಡೆಸಿದಳು. ಜನ ಸೇರಿದರು. ಕೈ ತೊಳೆದುಕೊಂಡೇ ಬಂದಿದ್ದರು.

"ಹುಟ್ಟಿದ್ದನ್ನ ಎತ್ತಬೇಕು, ಅಲ್ವಾ?" ಎಂದು ಕೇಳಿದಳು.

"ಹೌದಮ್ಮಣ್ಣಿ!"

"ಈ ಹುಲ್ಲು ಇನ್ನೂ ಹುಟ್ಟಿಲ್ಲ. ನೆಲ ಈಗ ಬಸಿರಿ. ಮೇಲೆ ಏನು ಕಂಡರೂ ಅದು ಹುಟ್ಟಿದ್ದಲ್ಲ. ಹೂ ಬಿಟ್ಟು ತೆನೆ ತೂಗಿದ ದಿನ ಹುಟ್ಟಿದ ಹಾಗೆ. ಬಸಿರಿ ಹೊಟ್ಟೆಗೆ ಕೈ ಹಾಕಿ ಕೂಸನ್ನ ಎತ್ತಿ ನೋಡೋರು ಯಾರಾದ್ರೂ ಇದೀರಾ?"

"ಅಯ್ಯೋ, ಬಿಡ್ತು ಅನ್ನಿ!" ಎಂದು ಹೆಂಗಸರೆಲ್ಲ ಗಲ್ಲ ಬಡಿದುಕೊಂಡರು. ಗಂಡಸರು ನಾಚಿ ತಲೆ ತಗ್ಗಿಸಿದರು. ಒಬ್ಬನೂ ಬಯಲೊಳಗೆ ಕಾಲಿಡಲಿಲ್ಲ.

ಆದರೆ ಬಸಿರಿ ಎಂದ ಮೇಲೆ ಸುಮ್ಮನಿರುತ್ತಾರೆಯೇ? ಸೀಮಂತ ಮಾಡಬೇಕೆಂದರು. ಮಾಡಿದರು. ದನ ನುಗ್ಗದಂತೆ ಬಯಲ ಸುತ್ತ ಹಾಕಿಸಿದ್ದ ಬೇಲಿಯ ಮುಳ್ಳುಮುಳ್ಳಿಗೂ ಹಸಿರು ಬಳೆ ತೊಡಿಸಿದರು. ಬಯಕೆಯ ಊಟವೆಂದು ಐದು ಬಗೆಯ ಅನ್ನ ತಂದರು. "ನೆಲಕ್ಕೆ ಬೇಡ, ಅಜೀರ್ಣ ಆಗತ್ತೆ" ಎಂದು ಚೆಲುವಾಜಿ ಅದನ್ನು ಅವರಿಗೇ ಬಡಿಸಿದಳು. ಗೊಬ್ಬರದ ಗಾಡಿ ಹೊಡೆದುಕೊಂಡು ಬಂದಿದ್ದ ಅಪ್ಪನನ್ನು ಅರ್ಧ ದಾರಿಯಲ್ಲೇ ತಿರುಗಿಸಿದಳು. ದಿನ ಬೆಳಗಾದರೆ ಬೇಲಿಯಾಚೆ ಒಬ್ಬರಲ್ಲ ಒಬ್ಬರು ನಿಂತು ಕೇಳುತ್ತಿದ್ದರು.

"ಎಷ್ಟು ತಿಂಗಳಮ್ಮಣ್ಣಿ?"

"ಎಷ್ಟೋ ತಿಂಗಳು!"

"ಆನೆ ಬಸಿರು ಆಗ್ಬೋದಾ?"

"ಆನೆಗಿಂತ ಹೆಚ್ಚು! ಕುಡುಗೋಲು ತಗೊಳ್ಳಿ, ಕೆಲಸ ಮಾಡಿ!"

ಕೆಲಸವಿತ್ತು. ಹುಲ್ಲಿನ ಸಸಿ ಬೆರಳುದ್ದ ಬಂದು ನಿಂತುಬಿಟ್ಟಿತ್ತು. ಕಳೆ ಮಾತ್ರ ಹಟ ಹಿಡಿದಂತೆ ಏಳುತ್ತಿತ್ತು. ಕಿತ್ತರೆ ಪಕ್ಕದ ಸಸಿಯೂ ಬರುತ್ತದೆ. ಹಾಗಾಗಿ ಕಳೆ ಮೊಳಕಾಲುದ್ದ ಬಂದಾಗಲೆಲ್ಲ, ಹೂ ಬಿಡುವ ಮುಂಚೆ, ಮೇಲಿಂದ ಸವರಿ ಬಿಸಾಡಬೇಕು. ಜನ ಒಂದು ಕೈಯಲ್ಲಿ ಕುಡುಗೋಲು ಹಿಡಿದು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸಾಲಾಗಿ ಸವರುತ್ತಾ ಹೋದರು. ಸವರಿದಷ್ಟೂ ಕಳೆ ಬಂತು. ಬಂದಷ್ಟೂ ಸವರಿದರು. ಆ ವರ್ಷ ಮುಗಿದಾಗ ಬಯಲಿನಲ್ಲಿ ಹೇಳಿಕೊಳ್ಳುವಂಥದು ಏನೂ ಕಾಣಲಿಲ್ಲ.

"ಎಲ್ಲಿಗೆ ಹೋಯ್ತವ್ವಾ ಹುಲ್ಲು?" ಎಂದು ಮುದ್ದರಸ ಕೇಳಿದ.

"ಕೆಳಕ್ಕೆ, ಅಪ್ಪಾಜಿ. ಮೊದಲು ಬೇರು, ಆಮೇಲೆ ಹುಲ್ಲು."

ಹೇಳಿದಳು ನಿಜ. ಅವಳಿಗೂ ಒಳಗೊಳಗೆ ಭಯವಿತ್ತು. ಕೆಳಗೆ ಬೇರು ಇದೆಯೋ ಇಲ್ಲವೋ, ಒಂದೇ ಒಂದು ಸಸಿ ಕಿತ್ತು ನೋಡೋಣ ಎನಿಸಿತು. ಬಗ್ಗಿದಳು. ಕೈ ಚಾಚಿದಳು. ಬೆರಳಿಗೆ ಹುಲ್ಲು ತಾಗುವಷ್ಟು ಹತ್ತಿರ ಹೋಗಿ, ತನ್ನ ಕೈಗೆ ತಾನೇ ಒಂದು ಏಟು ಕೊಟ್ಟು ಎದ್ದುಬಂದಳು. ಅವಳೂ ಆ ರಾಜ್ಯದಲ್ಲೇ ಹುಟ್ಟಿದವಳಲ್ಲವೇ.

ನಾಲ್ಕನೆಯ ಮಳೆಗಾಲದಲ್ಲಿ ಹುಲ್ಲು ಗೇಣುದ್ದವಾಗಿ ಅಗಲಕ್ಕೆ ಹಬ್ಬಿತು. ಅಲ್ಲೊಂದು ಇಲ್ಲೊಂದು ತುಂಬೆ ಕಣ್ಣು ಬಿಟ್ಟಿತು. ಚೆಲುವಾಜಿ ಬದುವಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಹಕ್ಕಿ ಬಂದು ಪಕ್ಕದಲ್ಲಿ ನಿಂತಿತು. ಅವಳು ರೂಢಿಯಂತೆ, "ಇನ್ನೂ ಆಗಿಲ್ಲ ಕಣೋ, ತಲೆ ತಿನ್ನಬೇಡ" ಎನ್ನಲು ಬಾಯಿ ತೆರೆದಳು. ಹಕ್ಕಿ ಕೊಕ್ಕು ತೆರೆಯಿತು.

"ಅಕ್ಕಾ" ಎಂದಿತು. ಮುಂದೆ ಏನೋ ಹೇಳಬೇಕಿತ್ತು ಎಂಬಂತೆ ಕತ್ತು ಓರೆ ಮಾಡಿತು. ಮತ್ತೆ "ಅಕ್ಕಾ" ಎಂದಿತು. ಆಮೇಲೆ ಸುಮ್ಮನಾಯಿತು.

ಚೆಲುವಾಜಿ ಕಾದಳು. "ಕೇಳೋ" ಎಂದಳು. "ಕೇಳೋ ತಮ್ಮಯ್ಯ, ಆಯ್ತಾ ಅಂತ ಕೇಳು. ನಾನು ಬೈಯಲ್ಲ." ಹಕ್ಕಿ ಅವಳ ಮುಖವನ್ನೇ ನೋಡಿತು. ವರ್ಷಗಟ್ಟಲೆ ಆ ಮಾತು ಕೇಳಿ ಅವಳ ಕಿವಿ ಕಿತ್ತುಹೋಗಿತ್ತು. ಈಗ ಅದಿಲ್ಲದೆ ಬಯಲು ಭಣಭಣ ಎನ್ನಿಸಿತು. ಅವಳು ಹಕ್ಕಿಯ ಕತ್ತನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

ಐದನೆಯ ಮಳೆಗಾಲ ಬಂತು. ಮೊದಲ ಮಳೆ ಬಿದ್ದ ಮೇಲೆ ಆ ಹುಲ್ಲಿಗೆ ಏನಾಯಿತೋ ದೇವರೇ ಬಲ್ಲ. ಇಷ್ಟು ವರ್ಷ ಸತಾಯಿಸಿದ್ದಕ್ಕೆ ನಾಚಿಕೆಯಾದಂತೆ ಒಮ್ಮೆಲೇ ಎದ್ದಿತು. ಬೆಳಗ್ಗೆ ಮೊಳಕಾಲಿಗಿದ್ದದ್ದು ಸಂಜೆಗೆ ತೊಡೆಗೆ ಬಂದಿದೆಯೇನೋ ಎನ್ನುವ ಹಾಗೆ ಬೆಳೆಯಿತು. ಕಳೆಗೆ ಕಾಲಿಡಲು ಜಾಗವಿಲ್ಲದಂತಾಯಿತು. ಕರಡ ಎದೆಯುದ್ದ ಬಂದು ಕೆಂಪಗೆ ತೆನೆ ತೂಗಿತು. ಬುಡದಲ್ಲಿ ವಿಷ್ಣುಕ್ರಾಂತಿ ಹೂಬಿಟ್ಟಿತು, ಅಣ್ಣೆ ತಲೆಯೆತ್ತಿತು. ಹಕ್ಕಿ ಮೆಲ್ಲನೆ ಹುಲ್ಲಿನೊಳಗೆ ನಡೆದುಹೋಯಿತು. ಚೆಲುವಾಜಿ ನೋಡುತ್ತಿದ್ದಂತೆಯೇ ಕಾಣದಾಯಿತು.

ಆಗ ಸುಂಟರಗಾಳಿ ಬಂತು. ಸುಡುಗಣ್ಣ ಇಳಿದ. ಕೂದಲು ನೆರೆತಿತ್ತು. ಬೇಲಿಯ ಬಳೆಗಳನ್ನು ನೋಡಿದ, ಬೇಲಿಯಾಚೆ ಜಾತ್ರೆಯಂತೆ ನೆರೆದ ಜನರನ್ನು ನೋಡಿದ, ಹುಲ್ಲನ್ನು ನೋಡಿದ.

"ಬೆಳೆದಿದೆ. ಶಾಪ ಹಿಂದಕ್ಕೆ ತಗೊಳ್ಳಿ" ಎಂದಳು ಚೆಲುವಾಜಿ.

"ನೋಡೋಣ ಅಂದಿದ್ದೆ. ನೋಡಿದೆ" ಎಂದ ಸುಡುಗಣ್ಣ. "ಇದು ಅದೇ ಹುಲ್ಲಲ್ಲ."

"ಹಾಗಾದ್ರೆ ಅದೇ ಹುಲ್ಲನ್ನ ಕೊಡಿ, ಹಾಸ್ತೀನಿ!"

ಸುಡುಗಣ್ಣ ಕಂಕುಳಿಂದ ಹಳೆಯ ಸುರುಳಿಯನ್ನು ತೆಗೆದ. ಬಿಚ್ಚಿದರೆ ಬರೀ ಧೂಳು ಉದುರಿತು. ಬೇರು ಹರಿದ ಹುಲ್ಲನ್ನು ಎಷ್ಟು ಜೋಪಾನವಾಗಿ ಸುತ್ತಿಟ್ಟರೂ ಬಾಳುವುದಿಲ್ಲ. ಅವನ ಮುಖವೂ ಕಂದಿತು. "ಏನಾದ್ರೂ ಆಗ್ಲಿ, ಶಾಪ ಹಿಂದಕ್ಕೆ ತಗೊಳ್ಳಲ್ಲ" ಎಂದು ಬೆನ್ನು ತಿರುಗಿಸಿದ.

ಚೆಲುವಾಜಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪನನ್ನು ಸಹಿಸಿದ್ದಳು, ಜನರನ್ನು ಸಹಿಸಿದ್ದಳು, ಕಳೆಯನ್ನು ಸಹಿಸಿದ್ದಳು. ಈಗ ಇವನು. ಬಾಯಿಗೆ ಬಂದದ್ದು ಬೈಯಬೇಕೆಂದು ಹೊರಟವಳು ಅವನ ಕೈಗಳನ್ನು ಕಂಡಳು. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಆ ಕೈಗಳ ಬೆರಳು ಅರಳುತ್ತಿದ್ದವು, ಮುದುಡುತ್ತಿದ್ದವು. ಹೊಸ್ತಿಲಲ್ಲಿ ಕೂತಿದ್ದ ದಿನ ಅವಳಿಗೆ ನೆನಪಾಯಿತು.

"ಸುಡುಗಣ್ಣಾ" ಎಂದಳು. "ಹುಲ್ಲು ಇವತ್ತು ಹುಟ್ಟಿದೆ. ಇನ್ನೂ ಯಾರೂ ಎತ್ತಿಲ್ಲ. ಎತ್ತಿದರೆ ಹರಸಬೇಕು, ಹರಸಿದ ಬಾಯಲ್ಲಿ ಶಾಪ ನಿಲ್ಲಲ್ಲ. ಅದು ನಿಮಗೂ ಗೊತ್ತು. ಆದರೂ ಹೇಳ್ತೀನಿ. ಮೊದಲ ಸರದಿ ನಿಮ್ಮದು."

ಇಷ್ಟು ವರ್ಷ ಮುಟ್ಟಬೇಡಿ, ಮುಟ್ಟಬೇಡಿ ಎಂದು ಗಂಟಲು ಹರಿದುಕೊಂಡ ಅಮ್ಮಣ್ಣಿ ಈಗ ಮುಟ್ಟು ಎನ್ನುತ್ತಿದ್ದಾಳೆ!

"ಅವನಿಗೆ ಮೊದಲ ಸರದಿಯಾ?" ಎಂದ ಯಾರೋ.

"ಹೌದು" ಎಂದ ಮುದ್ದರಸ. ತಲೆ ತಗ್ಗಿಸಿ ಮುಂದೆ ಬಂದ. "ಅವತ್ತು ನಾನು ಊಟಕ್ಕೆ ಹೋದೆ. ತಪ್ಪು ನನ್ನದು ಕಣಪ್ಪ. ಇವತ್ತು ಎಷ್ಟು ಹೊತ್ತಾದ್ರೂ ನಿಂತಿರ್ತೀನಿ."

ಸುಡುಗಣ್ಣ ಹುಲ್ಲಿನ ಹತ್ತಿರ ಬಂದ. ಒಂದು ಹೆಜ್ಜೆ ಹಿಂದೆ ಹೋದ. ಮತ್ತೆ ಬಂದ. "ನಾನೇನು ಎತ್ತಲ್ಲ" ಎಂದು ಗೊಣಗಿದ. "ಬರೀ ಮುಟ್ಟಿ ನೋಡ್ತೀನಿ."

ಚೆಲುವಾಜಿ ಈ ಮಾತನ್ನು ಎಷ್ಟು ಜನರ ಬಾಯಲ್ಲಿ, ಎಷ್ಟು ಸಾವಿರ ಸಲ ಕೇಳಿದ್ದಳೋ. ಅವಳಿಗೆ ಆ ಹೊತ್ತಿನಲ್ಲೂ ನಗು ಬಂತು.

ಸುಡುಗಣ್ಣ ಒಂದು ಬುಡ ಕರಡವನ್ನು ಎರಡು ಕೈಯಲ್ಲಿ ಮುಟ್ಟಿದ. ಮುಟ್ಟಿದ ಮೇಲೆ ಹಿಡಿದ. ಹಿಡಿದ ಮೇಲೆ ಎತ್ತಿದ. ಹುಲ್ಲು ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದ. ಕೆಳಗೆ ಬೇರು ಮೂರಾಳುದ್ದ ಇಳಿದು, ಪಕ್ಕದ ಬುಡದ ಬೇರನ್ನು ಹಿಡಿದು, ಅದು ಅದರ ಪಕ್ಕದ್ದನ್ನು ಹಿಡಿದು, ಇಡೀ ರಾಜ್ಯವೇ ಒಂದಕ್ಕೊಂದು ಕೈ ಹಿಡಿದು ಕೂತಿತ್ತು. ಎತ್ತಲು ಬರಲಿಲ್ಲ. ಬಿಡೋಣವೆಂದರೆ ಬೆರಳು ಅಂಟಿಕೊಂಡಿದ್ದವು. ಅವನು ಹುಲ್ಲಿನ ಮುಂದೆ ಬಾಗಿಯೇ ನಿಂತ. ಎಷ್ಟೋ ಹೊತ್ತು ನಿಂತ. ಮುದ್ದರಸನಿಗೆ ಊಟದ ಹೊತ್ತು ಮೀರಿತು, ಆದರೂ ಕದಲಲಿಲ್ಲ.

ಕೊನೆಗೆ ಸುಡುಗಣ್ಣ ಬಾಯಿ ತೆರೆದ. "ಬೇರು ಬಿಡು" ಎಂದ. ಮಾತು ತುಂಡುತುಂಡಾಗಿ, ಒರಟಾಗಿ ಬಂತು. ಒಂದು ಸಲವೂ ಆಡಿ ಅಭ್ಯಾಸವಿರಲಿಲ್ಲ. "ಬಾಳು" ಎಂದ. ಕಣ್ಣು ತುಂಬಿದ್ದವು. "ಬಳಗ ಕೂಡು" ಎಂದ.

ಬೆರಳು ಬಿಟ್ಟವು. ಅವನ ಬಾಯಿಂದ ಶಾಪವು ಒಂದು ಕರಿ ದುಂಬಿಯಾಗಿ ಹೊರಬಂದು, ತುಂಬೆ ಹೂವಿನ ಮೇಲೆ ಕೂತು, ಜೇನು ಹೀರಿ, ಹಾರಿಹೋಯಿತು. ಮಾಟವೆಲ್ಲ ಅದರ ಜೊತೆಗೇ ಹೋಯಿತು.

ಎಲ್ಲರೂ ಹುಲ್ಲಿನ ಕಡೆ ನೋಡಿದರು. ಹುಲ್ಲು ಸರಿಯಿತು. ಬೊಮ್ಮರಸ ಎದ್ದು ನಿಂತ. ತಲೆಗೂದಲಲ್ಲಿ ಎರಡು ಗರಿ ಉಳಿದಿದ್ದವು. ಅಪ್ಪನನ್ನು ನೋಡಿದ, ಜನರನ್ನು ನೋಡಿದ, ಏನೂ ಮಾತಾಡಲಿಲ್ಲ. ಮಾತು ಮರಳಿ ಬರಲಿಲ್ಲವೇನೋ ಎಂದು ಚೆಲುವಾಜಿ ಹೆದರಿದಳು. ಅವನು ಅವಳ ಹತ್ತಿರ ಬಂದ. ಸೆರಗು ಹಿಡಿದು ಎಳೆದ.

"ಅಕ್ಕಾ" ಎಂದ. ಸ್ವಲ್ಪ ತಡೆದು, ನೆನಪು ಮಾಡಿಕೊಂಡು ಕೇಳಿದ. "ಆಯ್ತಾ?"

"ಆಯ್ತು ಕಣೋ!" ಎಂದು ಕಿರುಚಿ ಚೆಲುವಾಜಿ ಅವನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ಅವನನ್ನು ತಬ್ಬಿಕೊಂಡು ಅತ್ತಳು. "ಆಯ್ತು ತಮ್ಮಯ್ಯ, ಆಯ್ತು."

ಅಂದಿನಿಂದ ತೆರೆಗಾವಲಿನಲ್ಲಿ ಮಗುವನ್ನು ಎತ್ತಿ ಹರಸುತ್ತಾರೆ, ಹುಲ್ಲನ್ನು ಬಾಗಿ ಹರಸುತ್ತಾರೆ. ಬಯಲಿನ ಕಾವಲು ಸುಡುಗಣ್ಣನಿಗೆ ಸಿಕ್ಕಿತು. "ಮುಟ್ಟಬೇಡಿ" ಎಂದು ಕೂಗುವುದು ಅವನ ಕೆಲಸ. ಅವನಿಗೆ ಊಟ ಅರಮನೆಯಿಂದಲೇ ಬರುತ್ತಿತ್ತು, ರಾಜನ ಊಟಕ್ಕಿಂತ ಮೊದಲು. ಇರುವೆರಾಣಿಗೆ ಮೂರರ ಬದಲು ಮೂವತ್ತು ಚೀಲ ಬೀಜ ಮರಳಿತು. ದನ ಮೇದವು, ಜಿಂಕೆ ಮೇದವು, ಜನ ಹಾಲು ತುಪ್ಪ ಉಂಡು ಸುಖವಾಗಿದ್ದರು. ಮುದ್ದರಸ ಮಾತ್ರ ಆಗಾಗ ಬೇಲಿಯ ಬಳಿ ಬಂದು, ಅತ್ತಿತ್ತ ನೋಡಿ, "ಒಂದೇ ಒಂದು ಬುಟ್ಟಿ ಗೊಬ್ಬರ ಹಾಕ್ಲಾ?" ಎಂದು ಕೇಳುತ್ತಿದ್ದ. ಹುಲ್ಲಿನೊಳಗಿಂದ ಚೆಲುವಾಜಿಯ ದನಿ ಕೇಳುತ್ತಿತ್ತು.

"ಅಪ್ಪಾಜೀ!"